ಪದಕ್ಕೆ ಗಡಿಯಾರ ಕಟ್ಟುವವರು

‘ಬೇಗನೆ’ ಎಂದರೆ ಎಷ್ಟು ಹೊತ್ತು? ಬಂಧಿಸಿದವರನ್ನು ಬೇಗನೆ ನ್ಯಾಯಾಧೀಶರ ಮುಂದೆ ಹಾಜರುಪಡಿಸಬೇಕು ಎನ್ನುತ್ತದೆ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಯ 9ನೇ ವಿಧಿ. 1966ರಲ್ಲಿ ಅದನ್ನು ಅಂಗೀಕರಿಸಿದವರು ಆ ಒಂದು ಪದ ಇಟ್ಟು ಸುಮ್ಮನಾದರು. ಲಾಕಪ್ಪಿನಲ್ಲಿ ಕೂತವನಿಗೆ ಬರೀ ಪದದಿಂದ ಏನಾಗಬೇಕು? ಅದಕ್ಕೆ ಅಳತೆ ಕೊಟ್ಟದ್ದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ. ಸಾಮಾನ್ಯವಾಗಿ 48 ಗಂಟೆ ಸಾಕು, ಅದನ್ನು ಮೀರಿದರೆ ತೀರಾ ಅಪರೂಪದ ಕಾರಣವಿರಬೇಕು ಎಂದು 2014ರ ತನ್ನ 35ನೇ ಸಾಮಾನ್ಯ ವ್ಯಾಖ್ಯಾನದಲ್ಲಿ ಅದು ಹೇಳಿತು. ನಮ್ಮ ಸಂವಿಧಾನದ 22ನೇ ವಿಧಿ ಇನ್ನೂ ಬಿಗಿ: ಪ್ರಯಾಣದ ಹೊತ್ತು ಬಿಟ್ಟು 24 ಗಂಟೆ.

ಹೀಗೆ ಪದಕ್ಕೆ ಗಡಿಯಾರ ಕಟ್ಟುವುದೂ ಒಂದು ಕಸುಬು. ಜಿನೀವಾದಲ್ಲಿ ಸೇರುವ ಇಂಥ ಹತ್ತು ಸಮಿತಿಗಳು ಅದನ್ನೇ ಮಾಡುತ್ತವೆ. ಮಾನವ ಹಕ್ಕುಗಳ ಸಮಿತಿಯಲ್ಲಿರುವವರು 18 ಜನ. ಅವರಿಗೆ ಸಂಬಳವಿಲ್ಲ, ಪ್ರಯಾಣ ಖರ್ಚು, ದಿನಭತ್ಯೆ ಅಷ್ಟೆ. ನಮ್ಮ ನ್ಯಾಯಮೂರ್ತಿ ಪಿ.ಎನ್. ಭಗವತಿ ಹಲವು ವರ್ಷ ಅಲ್ಲಿ ಕೂತಿದ್ದರು. ಒಡಂಬಡಿಕೆಯ ಪಾಲನೆಯ ವಿಚಾರಣೆಗೆ ತನ್ನ ದೇಶದ ಸರದಿ ಬಂದಾಗ ಸದಸ್ಯ ಬಾಯಿ ತೆರೆಯುವಂತಿಲ್ಲ. ಅವರ ಕೈಯಲ್ಲಿ ಪೊಲೀಸರಿಲ್ಲ, ಜುಲ್ಮಾನೆ ಹಾಕುವ ಅಧಿಕಾರವೂ ಇಲ್ಲ. ಇರುವುದು ಪ್ರಶ್ನೆ ಒಂದೇ.

ಆ ಪ್ರಶ್ನೆ ಹೇಗಿರುತ್ತದೆ ಎಂಬುದನ್ನು ಹತ್ತಿರದಿಂದ ನೋಡೋಣ. ಒಂದು ದೇಶದ ವಿಚಾರಣೆ ಸಾಮಾನ್ಯವಾಗಿ ಮೂರು ಮೂರು ಗಂಟೆಯ ಎರಡು ಬೈಠಕ್ಕುಗಳಲ್ಲಿ ಮುಗಿಯುತ್ತದೆ. ‘ನಿಮ್ಮಲ್ಲಿ ಜೈಲುಗಳ ಸ್ಥಿತಿ ಹೇಗಿದೆ?’ ಎಂದು ಹೊಸಬರೊಬ್ಬರು ಕೇಳಿದರು ಎನ್ನಿ. ನಿಯೋಗದ ಅಧಿಕಾರಿ ಕಾಯ್ದೆ, ಕಲಮು, ಆಯೋಗಗಳ ಪಟ್ಟಿ ಓದಿ ಹತ್ತು ನಿಮಿಷ ಕಳೆದುಬಿಡುತ್ತಾರೆ. ಪಳಗಿದವರು ಹೀಗೆ ಕೇಳುತ್ತಾರೆ: ‘ಕಳೆದ ವರ್ಷ ಕಸ್ಟಡಿಯಲ್ಲಿ ಸತ್ತವರೆಷ್ಟು? ಎಷ್ಟು ಸಾವುಗಳ ತನಿಖೆಯಾಯಿತು? ಎಷ್ಟು ಅಧಿಕಾರಿಗಳಿಗೆ ಶಿಕ್ಷೆಯಾಯಿತು?’ ಈ ಮೂರಕ್ಕೂ ಉತ್ತರ ಅಂಕಿಯಲ್ಲೇ ಬರಬೇಕು. ಅಂಕಿ ಇಲ್ಲ ಎಂದರೆ ಅದೂ ಉತ್ತರವೇ. ಕೇಳುವವರ ಮುಂದೆ ಸರಕಾರದ ವರದಿಯ ಜೊತೆಗೆ ಆ ದೇಶದ ಸಂಘಟನೆಗಳು ಕಳಿಸಿದ ಪರ್ಯಾಯ ವರದಿಯೂ ಇರುತ್ತದೆ.

ಕೊನೆಗೆ ಸಮಿತಿ ತನ್ನ ಸಮಾರೋಪ ಅಭಿಪ್ರಾಯಗಳನ್ನು ಬರೆದು, ಕೆಲವು ಶಿಫಾರಸುಗಳನ್ನು ತುರ್ತು ಎಂದು ಆರಿಸುತ್ತದೆ. ಅವುಗಳಿಗೆ ಬಂದ ಉತ್ತರಕ್ಕೆ ಶಾಲೆಯ ಮೇಷ್ಟರಂತೆ ಎ ಇಂದ ಇ ವರೆಗೆ ದರ್ಜೆ ಹಾಕುತ್ತದೆ.

ಕಸುಬು ಚೆನ್ನಾಗಿದ್ದರೂ ಕಾರ್ಖಾನೆ ಕೆಟ್ಟಿತ್ತು. 2010 ಮತ್ತು 2011ರಲ್ಲಿ ದೇಶಗಳಿಂದ ಬರಬೇಕಿದ್ದ ವರದಿಗಳಲ್ಲಿ ಹೇಳಿದ ಹೊತ್ತಿಗೆ ಬಂದದ್ದು ಶೇಕಡ 16 ಮಾತ್ರ ಎಂದು ವಿಶ್ವಸಂಸ್ಥೆಯ ಆಗಿನ ಮಾನವ ಹಕ್ಕುಗಳ ಹೈಕಮಿಷನರ್ ನವಿ ಪಿಳ್ಳೈ 2012ರಲ್ಲಿ ಲೆಕ್ಕ ಕೊಟ್ಟರು. ಬಂದ ವರದಿಗಳೋ ಗೆಜೆಟಿಯರಿನಷ್ಟು ದಪ್ಪ. ತಡಕ್ಕೆ ನಮ್ಮದೇ ಉದಾಹರಣೆ: ಈ ಒಡಂಬಡಿಕೆಯ ಅಡಿಯಲ್ಲಿ 1997ರಲ್ಲಿ ವಿಚಾರಣೆ ಎದುರಿಸಿದ ಭಾರತ ಮತ್ತೆ ಆ ಮೇಜಿನ ಮುಂದೆ ಕೂತದ್ದು 2024ರ ಜುಲೈಯಲ್ಲಿ. ನಡುವೆ 27 ವರ್ಷ.

ದುರಸ್ತಿಯ ಮೊದಲ ಜಾಣತನ ಚಿತ್ರಹಿಂಸೆ ವಿರೋಧಿ ಸಮಿತಿಯದು. 2007ರಲ್ಲಿ ಅದು ಕ್ರಮವನ್ನೇ ತಲೆಕೆಳಗು ಮಾಡಿತು. ವರದಿ ಬರಲಿ, ಆಮೇಲೆ ಕೇಳೋಣ ಎಂದು ಕಾಯುವ ಬದಲು ಪ್ರಶ್ನೆಗಳನ್ನೇ ಮೊದಲು ಕಳಿಸಿತು. ಅದನ್ನು ಒಪ್ಪಿದ ದೇಶ ಬರೆಯುವ ಉತ್ತರವೇ ವರದಿ. 2014ರ ಏಪ್ರಿಲ್‌ನಲ್ಲಿ ವಿಶ್ವಸಂಸ್ಥೆಯ ಮಹಾಸಭೆ 68/268ನೇ ನಿರ್ಣಯದ ಮೂಲಕ ಪದಮಿತಿ ಹಾಕಿತು: ನಿಯತಕಾಲಿಕ ವರದಿ 21,200 ಪದ ಮೀರಬಾರದು. 2020ರಿಂದ ಮಾನವ ಹಕ್ಕುಗಳ ಸಮಿತಿ ಎಂಟು ವರ್ಷದ ನಿಗದಿತ ಸರದಿ ಹಿಡಿದಿದೆ. ವರದಿ ಬಾರದಿದ್ದರೂ ವಿಚಾರಣೆ ನಡೆದೇ ನಡೆಯುತ್ತದೆ.

ಇನ್ನೊಂದು ದುರಸ್ತಿ ಬಾಗಿಲಿನದು. ಮಹಾಸಭೆಯ ಅದೇ 2014ರ ನಿರ್ಣಯದ ಫಲವಾಗಿ ಈಗ ಬಹಿರಂಗ ವಿಚಾರಣೆಗಳನ್ನು ಮೊಬೈಲಿನಲ್ಲೇ ನೋಡಬಹುದು. ವಿಕಲಚೇತನರ ಹಕ್ಕುಗಳ ಸಮಿತಿ ಸಂಜ್ಞಾಭಾಷೆ, ಶೀರ್ಷಿಕೆಗಳ ಜೊತೆಗೇ ಸಭೆ ನಡೆಸುತ್ತದೆ. ಕಣ್ಣು ಕಾಣದ ಕಾನೂನು ಪ್ರಾಧ್ಯಾಪಕ ರಾನ್ ಮೆಕ್ಕಲಮ್ ಅದರ ಅಧ್ಯಕ್ಷರಾಗಿದ್ದರು. 2020ರ ಮಾರ್ಚ್‌ನಲ್ಲಿ ಮಕ್ಕಳ ಹಕ್ಕುಗಳ ಸಮಿತಿ ಗಂಟುಮೂಟೆ ಕಟ್ಟಿಕೊಂಡು ಪೆಸಿಫಿಕ್ ದ್ವೀಪ ಸಮೋವಾದ ಅಪಿಯಾಕ್ಕೇ ಹೋಯಿತು. ಜಿನೀವಾ ಬಿಟ್ಟು ಆ ಸಮಿತಿ ಅಧಿವೇಶನ ನಡೆಸಿದ್ದು ಅದೇ ಮೊದಲು. ಅದುವರೆಗೆ ಜಿನೀವಾಕ್ಕೆ ಹೋಗುವ ವಿಮಾನದ ಟಿಕೆಟ್ಟೇ ದೊಡ್ಡ ಅಡ್ಡಗೋಡೆಯಾಗಿದ್ದ ದ್ವೀಪಗಳಲ್ಲಿ, ಯಾರ ಹಕ್ಕಿನ ಮಾತೋ ಆ ಮಕ್ಕಳೇ ಕೇಳುವಷ್ಟು ಹತ್ತಿರಕ್ಕೆ ಮೇಜು ಬಂತು.

ಇಷ್ಟೆಲ್ಲ ಬರೆದು ಯಾರಿಗೇನು ಲಾಭ ಎನ್ನುವವರು ತಮ್ಮ ಕಚೇರಿಯ ಸೂಚನಾ ಫಲಕ ನೋಡಲಿ. ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿಯ ಸದಸ್ಯರ ಹೆಸರು ಅಲ್ಲಿರಬೇಕು. ಅದರ ಬೇರು 1997ರ ವಿಶಾಖಾ ತೀರ್ಪಿನಲ್ಲಿದೆ. ಆಗ ನಮ್ಮಲ್ಲಿ ಅದಕ್ಕೆಂದೇ ಕಾಯ್ದೆ ಇರಲಿಲ್ಲ. ಮಹಿಳಾ ತಾರತಮ್ಯ ನಿವಾರಣಾ ಸಮಿತಿ 1992ರಲ್ಲಿ ಬರೆದ 19ನೇ ಸಾಮಾನ್ಯ ಶಿಫಾರಸಿನ ಮಾತುಗಳನ್ನೂ ಮುಂದಿಟ್ಟುಕೊಂಡು ಸುಪ್ರೀಂ ಕೋರ್ಟ್ ಮಾರ್ಗಸೂಚಿ ರಚಿಸಿತು. 2013ರಲ್ಲಿ ಅದು ಕಾಯ್ದೆಯಾಯಿತು. ಜಿನೀವಾದ ಸಾಲು ಬೆಂಗಳೂರಿನ ಗಾರ್ಮೆಂಟ್ ಕಾರ್ಖಾನೆಯ ಗೋಡೆ ಮುಟ್ಟಲು ಎರಡು ದಶಕ ಹಿಡಿಯಿತು, ಆದರೆ ಮುಟ್ಟಿತು.

ಒಂದು ಬಾಗಿಲು ಮಾತ್ರ ಜಿನೀವಾದಿಂದ ತೆರೆಯಲಾಗದ್ದು. ವಿಶ್ವಸಂಸ್ಥೆಯ ಅಧಿಕೃತ ಭಾಷೆಗಳು ಆರು, ಕನ್ನಡ ಅವುಗಳಲ್ಲಿಲ್ಲ. 2024ರಲ್ಲಿ ಭಾರತದ ಬಗ್ಗೆ ಬರೆದ ಸಮಾರೋಪ ಅಭಿಪ್ರಾಯಗಳು ಕೆಲವೇ ಪುಟ. ಕಾನೂನು ಓದುವ ನಾಲ್ವರು ಹುಡುಗ ಹುಡುಗಿಯರು ಒಂದು ವಾರ ಕೂತರೆ ಅಷ್ಟನ್ನೂ ಕನ್ನಡಕ್ಕೆ ತರಬಹುದು. ಅನುಮತಿಗೆ ಕಾಯಬೇಕಿಲ್ಲ. ಯಾರಾದರೂ ಶುರು ಮಾಡಿ.