ಬಾಗಲಕೋಟೆಯ ಚೀಟಿ ಇಳಕಲ್‌ನಲ್ಲಿ ನಡೆದೀತೇ?

ಹಳದಿ ಹಲಗೆಯ ಮೇಲೆ ‘ಎಸ್‌.ಟಿ.ಡಿ., ಐ.ಎಸ್‌.ಡಿ., ಪಿ.ಸಿ.ಓ.’ ಎಂದು ಬರೆಸಿ ಹೊಟ್ಟೆ ಹೊರೆದುಕೊಂಡವರು ನಮ್ಮ ಪೇಟೆಗಳಲ್ಲಿ ಕಡಿಮೆ ಇರಲಿಲ್ಲ. ರಾತ್ರಿ ದರ ಇಳಿಯುವುದನ್ನೇ ಕಾದು ಬೂತಿನ ಮುಂದೆ ಜನ ಪಾಳಿ ಹಚ್ಚುತ್ತಿದ್ದರು. ಮೊಬೈಲ್ ಬಂತು, ಹಲಗೆ ಇಳಿಯಿತು. ಬೂತು ಇದ್ದ ಜಾಗದಲ್ಲಿ ಈಗ ಝೆರಾಕ್ಸ್ ಯಂತ್ರ, ಇಲ್ಲವೆ ಚಹಾದ ಸ್ಟೋವು. ಅಂಥ ಅಂಗಡಿಕಾರರಿಗೆ ಸರಕಾರ ಮತ್ತೊಂದು ಧಂದೆ ತೋರಿಸಿದೆ. ಇಂಟರ್ನೆಟ್ ಮಾರ್ರಿ ಅಂತ!

ಯೋಜನೆಯ ಹೆಸರು ಪಿಎಂ-ವಾಣಿ. ಕೇಂದ್ರ ಸಂಪುಟ ಇದಕ್ಕೆ ಒಪ್ಪಿಗೆ ಕೊಟ್ಟದ್ದು 2020ರ ಡಿಸೆಂಬರ್ 9ರಂದು. ಕಿರಾಣಿ ಅಂಗಡಿಯಾತ, ಚಹಾ ಅಂಗಡಿಯಾತ, ಯಾರೇ ಆಗಲಿ ತಂತಿ ಇಂಟರ್ನೆಟ್ ಹಾಕಿಸಿ, ಒಂದು ವೈ-ಫೈ ಡಬ್ಬಿ ಇಟ್ಟು, ಬಂದ ಗಿರಾಕಿಗೆ ದಿನಕ್ಕಿಷ್ಟು ಎಂದು ಮಾರಬಹುದು. ಲೈಸೆನ್ಸ್ ಬೇಡ, ನೋಂದಣಿ ಬೇಡ, ಸರಕಾರಕ್ಕೆ ಫೀ ಕಟ್ಟುವುದೂ ಬೇಡ. ಇಂಥ ಅಂಗಡಿಗೆ ‘ಪಬ್ಲಿಕ್ ಡೇಟಾ ಆಫೀಸ್’ ಎಂದು ಹೆಸರು. ಪಿ.ಸಿ.ಓ.ದ ತಮ್ಮ ಎಂದರೂ ನಡೆದೀತು.

ಅಂಗಡಿಯ ಹಿಂದೆ ಇನ್ನೊಬ್ಬ ಇದ್ದಾನೆ. ಅವನಿಗೆ ಅಗ್ರಿಗೇಟರ್ ಎನ್ನುತ್ತಾರೆ. ಎ.ಪಿ.ಎಂ.ಸಿ.ಯ ಅಡತಿ ಅಂಗಡಿ ಇದ್ದಂತೆ. ಹತ್ತಾರು ಡಬ್ಬಿಗಳ ಲೆಕ್ಕ ಇಡುವುದು, ರೊಕ್ಕ ಕೊಟ್ಟ ಗಿರಾಕಿಯನ್ನು ಒಳಗೆ ಬಿಡುವುದು ಅವನ ಕೆಲಸ. ಗಿರಾಕಿಯ ಮೊಬೈಲ್‌ನಲ್ಲಿ ಒಂದು ಆ್ಯಪ್ ಇರಬೇಕು. ಅದನ್ನು ಮಾಡಿಕೊಡುವ ಕಂಪನಿ ಮತ್ತೊಂದು. ಇವರೆಲ್ಲರ ಪಟ್ಟಿ ಇಡುವುದು ಸಿ-ಡಾಟ್. ಹಳ್ಳಿಗಳಿಗೆ ಟೆಲಿಫೋನ್ ಎಕ್ಸ್‌ಚೇಂಜ್ ಮಾಡಿಕೊಡಲು 1984ರಲ್ಲಿ ಹುಟ್ಟಿದ ಅದೇ ಸಂಸ್ಥೆ.

ಇಲ್ಲಿಯ ತನಕ ಎಲ್ಲ ಸರಳ. ತೊಡಕು ಶುರುವಾಗುವುದು ಬಸ್ಸು ಹೊರಟ ಮೇಲೆ.

ನವನಗರದ ಒಂದು ಚಹಾ ಅಂಗಡಿಯಲ್ಲಿ ಹತ್ತು ರೂಪಾಯಿಯ ದಿನದ ಚೀಟಿ ಕೊಂಡ ಪ್ರಯಾಣಿಕನೊಬ್ಬನನ್ನು ಕಲ್ಪಿಸಿಕೊಳ್ಳಿ. ಓಡುವ ಬಸ್ಸಿನಲ್ಲಿ ವೈ-ಫೈ ಸಿಗದು. ಅದರ ಹರವು ಒಂದು ಅಂಗಡಿ, ಅದರ ಮುಂದಿನ ಕಟ್ಟೆ, ಅಷ್ಟೇ. ಅಮೀನಗಡದಲ್ಲಿ ಕರದಂಟು ಕೊಳ್ಳಲು ಇಳಿದ. ಹುನಗುಂದದಲ್ಲಿ ಬಸ್ಸು ಬದಲಿಸಿದ. ಇಳಕಲ್‌ಗೆ ಹೋಗಿ ಸೀರೆ ಅಂಗಡಿಯ ಮುಂದೆ ನಿಂತು ಮೊಬೈಲ್ ತೆಗೆದ. ಅಲ್ಲಿಯೂ ಪಿಎಂ-ವಾಣಿಯ ಡಬ್ಬಿ ಇದೆ, ಆದರೆ ಅದು ಬೇರೆ ಅಗ್ರಿಗೇಟರನದು. ಆ್ಯಪ್ ಅವನ ಗುರುತು ಹಿಡಿಯಿತು. ಗುರುತು ಬ್ಯಾರೆ, ರೊಕ್ಕ ಬ್ಯಾರೆ! ಅವನ ಹತ್ತು ರೂಪಾಯಿ ನವನಗರದ ಗಲ್ಲೆಯಲ್ಲಿದೆ. ಇಳಕಲ್‌ನ ಅಂಗಡಿಕಾರ ಯಾಕೆ ಬಿಟ್ಟಾನು?

ಮತ್ತೊಂದು ಚೀಟಿ ಕೊಳ್ಳು ಎಂದರೆ ಪ್ರಯಾಣಿಕ ಆ್ಯಪ್ ಮುಚ್ಚಿ ಮೊಬೈಲ್ ಕಿಸೆಗೆ ಹಾಕುತ್ತಾನೆ. ಮರುದಿನ ನವನಗರದಲ್ಲೂ ಕೊಳ್ಳುವುದಿಲ್ಲ. ಹೀಗೆ ಎರಡೂ ಅಂಗಡಿಗೆ ನಷ್ಟ.

ಇದಕ್ಕೆ ಮದ್ದು ರೋಮಿಂಗ್. ಒಬ್ಬನ ಗಿರಾಕಿ ಇನ್ನೊಬ್ಬನ ಡಬ್ಬಿಯಲ್ಲಿ ಓಡಾಡುವುದು, ಲೆಕ್ಕವನ್ನು ಕಂಪನಿಗಳು ಹಿಂದಿನಿಂದ ಸರಿಮಾಡಿಕೊಳ್ಳುವುದು. ಬಸ್ಸಿನವರಿಗೆ ಇದನ್ನು ಹೊಸದಾಗಿ ಹೇಳಬೇಕಿಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದಾಗಿನಿಂದ ಹುನಗುಂದದ ಅಕ್ಕಾರು ವಾಯವ್ಯ ಸಾರಿಗೆಯ ಬಸ್ಸು ಹತ್ತಲಿ, ಕುಷ್ಟಗಿ ಕಡೆಯ ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸು ಹತ್ತಲಿ, ಕಂಡಕ್ಟರ್ ಶೂನ್ಯ ಟಿಕೆಟ್ ಹರಿದು ಕೊಡುತ್ತಾನೆ. ಆ ಟಿಕೆಟ್ಟಿನ ಲೆಕ್ಕ ತೋರಿಸಿ ನಿಗಮ ಸರಕಾರದಿಂದ ರೊಕ್ಕ ಕೇಳುತ್ತದೆ. ಟಿಕೆಟ್ಟಿನ ಬೆಲೆ ಸೊನ್ನೆ ಇರಬಹುದು, ಆದರೆ ಟಿಕೆಟ್ ಹರಿಯದಿದ್ದರೆ ನಿಗಮಕ್ಕೆ ಕಾಸೂ ಹುಟ್ಟದು. ವೈ-ಫೈಯಲ್ಲೂ ಆಗಬೇಕಾದ್ದು ಇಷ್ಟೇ: ಇಳಕಲ್‌ನ ಡಬ್ಬಿ ಒಂದು ‘ಶೂನ್ಯ ಟಿಕೆಟ್’ ಹರಿಯಬೇಕು, ಅದನ್ನು ನವನಗರದ ಕಂಪನಿ ಮಾನ್ಯ ಮಾಡಬೇಕು.

2024ರ ಸೆಪ್ಟೆಂಬರ್‌ನಲ್ಲಿ ದೂರಸಂಪರ್ಕ ಇಲಾಖೆ ನಿಯಮ ತಿದ್ದಿ ಅಗ್ರಿಗೇಟರುಗಳ ನಡುವೆ ಇಂಥ ಓಡಾಟಕ್ಕೆ ದಾರಿ ಬಿಟ್ಟಿತು. ದಾರಿ ಬಿಟ್ಟರೆ ಸಾಲದು, ಪಾಲು ಎಷ್ಟು ಎಂಬುದು ಇತ್ಯರ್ಥ ಆಗಬೇಕು. ಚೀಟಿ ಹೆಚ್ಚು ಮಾರಾಟ ಆಗುವುದು ಜಿಲ್ಲಾ ಸ್ಥಳದಲ್ಲಿ, ಹುಬ್ಬಳ್ಳಿಯಲ್ಲಿ. ಬಳಕೆ ಆಗುವುದು ಬಾದಾಮಿಯ ಗುಹೆ ನೋಡಲು ಬಂದವರಿಂದ, ಇಳಕಲ್‌ಗೆ ಸೀರೆ ಕೊಳ್ಳಲು ಬಂದವರಿಂದ. ರೊಕ್ಕ ದೊಡ್ಡ ಊರಿಗೆ, ಖರ್ಚು ಸಣ್ಣ ಊರಿಗೆ! ಹಾಗಾಗಿ ರೋಮಿಂಗ್ ಪಾಲಿನ ಮೇಲೆ ಹೆಚ್ಚು ಕಣ್ಣಿಡಬೇಕಾದವರು ಸಣ್ಣ ಊರಿನ ಅಂಗಡಿಕಾರರೇ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ನಡುವಿನ ಕೊಂಡಿ ಸಡಿಲಾದರೆ ಸೀರೆ ಯಾರು ಕೊಂಡಾರು?

ಪುಕ್ಕಟೆ ಕೊಟ್ಟು ನೋಡಿದವರೂ ಉಂಟು. ಬೆಂಗಳೂರಿನ ಎಂ.ಜಿ. ರಸ್ತೆಯಲ್ಲಿ 2014ರ ಜನವರಿಯಲ್ಲಿ ಶುರುವಾದ ‘ನಮ್ಮ ವೈ-ಫೈ’ ಬಹಳ ವರ್ಷ ಬಾಳಲಿಲ್ಲ. ಗೂಗಲ್ ಕಂಪನಿ ರೈಲ್‌ಟೆಲ್ ಜೊತೆಗೂಡಿ 2016ರಲ್ಲಿ ಮುಂಬೈ ಸೆಂಟ್ರಲ್‌ನಿಂದ ಆರಂಭಿಸಿ ನೂರಾರು ನಿಲ್ದಾಣಗಳಲ್ಲಿ ಪುಕ್ಕಟೆ ಕೊಟ್ಟಿತು. ಮೊಬೈಲ್ ಡೇಟಾ ಅಗ್ಗವಾಯಿತೆಂದು 2020ರಲ್ಲಿ ಕೈಬಿಡುವುದಾಗಿ ಸಾರಿತು. ರೈಲ್‌ಟೆಲ್ ಮಾತ್ರ ಮುಂದುವರಿಸಿತು: ಮೊದಲ ಅರ್ಧ ತಾಸು ಪುಕ್ಕಟೆ, ಆಮೇಲೆ ರೊಕ್ಕ. 2021ರ ಮಾರ್ಚ್‌ನಲ್ಲಿ ಅದು ಸಾರಿದ ದರ ದಿನಕ್ಕೆ ಹತ್ತು ರೂಪಾಯಿಯಿಂದ ಶುರು. ಆದರೆ ಹುನಗುಂದ, ಇಳಕಲ್‌ಗೆ ರೈಲೇ ಇಲ್ಲ. ಬಾದಾಮಿಗೆ ಇದ್ದರೂ ನಿಲ್ದಾಣ ಊರಿನಿಂದ ನಾಲ್ಕೈದು ಕಿಲೋಮೀಟರ್ ಆಚೆ. ಬಸ್‌ಸ್ಟ್ಯಾಂಡಿನಲ್ಲಿ ನಿಂತವರಿಗೆ ಅದರಿಂದೇನು?

ಸ್ಪೇನಿನಲ್ಲಿ ಹುಟ್ಟಿದ ಫಾನ್ ಎಂಬ ಕಂಪನಿ 2006ರ ಸುಮಾರಿಗೆ ಇನ್ನೊಂದು ಹಂಚಿಕೆ ಹಾಕಿತ್ತು. ನಿನ್ನ ಮನೆಯ ವೈ-ಫೈ ದಾರಿಹೋಕರಿಗೆ ಬಿಡು, ಪರಊರಿನಲ್ಲಿ ಬೇರೆಯವರದನ್ನು ನೀನು ಪುಕ್ಕಟೆ ಬಳಸು. ರೊಕ್ಕವೇ ಬೇಕೆಂದವರಿಗೆ ಮಾರಾಟದಲ್ಲಿ ಪಾಲು. ನಮ್ಮ ಕಡೆಯ ಮುಯ್ಯಿ ಪದ್ಧತಿಯೇ!

ಇಲ್ಲಿ ಅಂಗಡಿಕಾರರನ್ನು ಹಿಂಜರಿಸಿದ್ದು ತಂತಿಯ ದರವೂ ಹೌದು. ಮನೆಗೆ ಕೊಡುವ ಬ್ರಾಡ್‌ಬ್ಯಾಂಡ್ ಸಾಲದು, ವ್ಯಾಪಾರಕ್ಕೆಂದು ಹಲವು ಪಟ್ಟು ದುಬಾರಿಯ ಲೀಸ್ಡ್ ಲೈನ್ ತಗೋರಿ ಎಂದು ಟೆಲಿಕಾಂ ಕಂಪನಿಗಳು ಹಟ ಹಿಡಿಯುತ್ತಿವೆ ಎಂಬ ದೂರು ದಿಲ್ಲಿಯ ತನಕ ಮುಟ್ಟಿತು. 2025ರ ಜೂನ್‌ನಲ್ಲಿ ಟ್ರಾಯ್ ಆದೇಶ ಹೊರಡಿಸಿತು: 200 ಎಂಬಿಪಿಎಸ್ ವರೆಗಿನ ಸಂಪರ್ಕಕ್ಕೆ ಮನೆ ಗಿರಾಕಿಯ ದರದ ಎರಡು ಪಟ್ಟಿಗಿಂತ ಹೆಚ್ಚು ಕೇಳುವಂತಿಲ್ಲ. ಮನೆಯವರಿಗೆ ತಿಂಗಳಿಗೆ ಐನೂರು ಇದ್ದರೆ ಅಂಗಡಿಗೆ ಹೆಚ್ಚೆಂದರೆ ಸಾವಿರ. ಪಾಲೆಲ್ಲ ಹೋಗಿ ಚೀಟಿಗೆ ಐದು ರೂಪಾಯಿ ಉಳಿಯುತ್ತದೆ ಎಂದಿಟ್ಟುಕೊಂಡರೆ ಬರೀ ತಂತಿಯ ಬಾಡಿಗೆ ಹುಟ್ಟಲು ತಿಂಗಳಿಗೆ ಇನ್ನೂರು ಚೀಟಿ ಹೋಗಬೇಕು, ದಿನಕ್ಕೆ ಆರೇಳು. ಕರೆಂಟು ಬೇರೆ, ಡಬ್ಬಿಯ ಬೆಲೆ ಬೇರೆ.

ಆರೇಳು ಚೀಟಿ ಹೋದಾವೇ? 2016ರಲ್ಲಿ ಜಿಯೊ ಬಂದ ಮೇಲೆ ಡೇಟಾ ಎಲ್ಲರ ಕಿಸೆಯಲ್ಲೇ ಇದೆ. ಆದರೆ 2024ರ ಜುಲೈನಲ್ಲಿ ಖಾಸಗಿ ಕಂಪನಿಗಳು ದರ ಏರಿಸಿದವು, ದಿನದ ಡೇಟಾ ಸಂಜೆಯೊಳಗೆ ಮುಗಿದುಹೋಗುವ ಹುಡುಗರು ಬೇಕಾದಷ್ಟು. ಗಿರಾಕಿ ಇಲ್ಲವೆಂದಲ್ಲ. ಆತ ಒಂದೇ ಊರಲ್ಲಿ ನಿಲ್ಲುವವನಲ್ಲ, ಅಷ್ಟೇ.

ಡಬ್ಬಿ ಇಡಿಸಲು ಅಗ್ರಿಗೇಟರನ ಏಜೆಂಟ ಕೌಂಟರಿಗೆ ಬಂದಾಗ ಹುನಗುಂದದ ಸಾಹುಕಾರ್ರು ಡಬ್ಬಿಯ ರೇಟಿಗಿಂತ ಮೊದಲು ಕೇಳಬೇಕಾದ ಮಾತೊಂದಿದೆ: “ತಮ್ಮಾ, ಬಾಗಲಕೋಟಿ ಚೀಟಿ ತಗೊಂಡಾವ ನನ್ನ ಅಂಗಡ್ಯಾಗ ಕುಂತು ಸಿನಿಮಾ ನೋಡಿದ್ರ ನನಗ ಎಷ್ಟ ಬರ್ತೈತಿ? ಯಾವ ತಾರೀಖಿಗೆ ಬರ್ತೈತಿ? ಅದನ್ನ ಕಾಗದದ ಮ್ಯಾಲ ಬರದು ಕೊಡು.”