ಕೊರತೆಯ ನಾಡಿನಲ್ಲಿ ಅತಿಯ ಕಾಯಿಲೆ

ಥೈರಾಯ್ಡ್ ತೊಂದರೆ ಎಂದರೆ ಕೊರತೆಯ ತೊಂದರೆ ಎಂದೇ ಕೊಡಗು ತಲೆಮಾರುಗಳಿಂದ ತಿಳಿದುಕೊಂಡು ಬಂದಿದೆ. ಅದಕ್ಕೆ ಕಾರಣವೂ ಇದೆ. ಘಟ್ಟದ ಜಡಿಮಳೆ ಮಣ್ಣಿನ ಅಯೋಡಿನ್ನನ್ನು ತೊಳೆದು ಹೊಳೆಗೆ ಹಾಕುತ್ತದೆ. ಆ ಮಣ್ಣಿನಲ್ಲಿ ಬೆಳೆದ ಅಕ್ಕಿಯಲ್ಲೂ ಸೊಪ್ಪಿನಲ್ಲೂ ಅದು ಕಡಿಮೆ. ಸಿಗದ ಅಯೋಡಿನ್ನಿಗಾಗಿ ಕುತ್ತಿಗೆಯ ಗ್ರಂಥಿ ಹಿಗ್ಗಿ ಗಳಗಂಡವಾಗುತ್ತಿತ್ತು. ಕರ್ನಾಟಕದಲ್ಲಿ ಗಳಗಂಡ ಹೆಚ್ಚಾಗಿ ಕಂಡ ಜಿಲ್ಲೆಗಳಲ್ಲಿ ಚಿಕ್ಕಮಗಳೂರಿನ ಜೊತೆ ಕೊಡಗಿನ ಹೆಸರೂ ಬರುವುದು ಹೀಗೆ. 1962ರಲ್ಲಿ ಕೇಂದ್ರ ಸರ್ಕಾರ ಗಳಗಂಡ ನಿಯಂತ್ರಣದ ಕಾರ್ಯಕ್ರಮ ಹೂಡಿತು, ಅಯೋಡಿನ್ ಬೆರೆಸಿದ ಉಪ್ಪು ಅಂಗಡಿಗೆ ಬಂತು, ಶಾಲೆಯ ಗೋಡೆಗಳ ಮೇಲೂ ಉಪ್ಪಿನ ಪಾಠ ಬರೆದಾಯಿತು. ಇಂದು ಗ್ರಂಥಿ ಮಂದವಾದವರು ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಒಂದು ಥೈರಾಕ್ಸಿನ್ ಮಾತ್ರೆ ನುಂಗಿ ನೆಮ್ಮದಿಯಾಗಿದ್ದಾರೆ. ಇವೆಲ್ಲ ಒಳ್ಳೆಯ ಪಾಠಗಳೇ. ಆದರೆ ಅದೇ ಗ್ರಂಥಿ ಮಂದವಾಗದೆ ಅತಿಯಾಗಿ ದುಡಿಯತೊಡಗಿದಾಗ ಈ ಪಾಠದ ಒಂದೊಂದು ಸಾಲೂ ತಲೆಕೆಳಗಾಗುತ್ತದೆ. ಅತಿ ಥೈರಾಯ್ಡ್ ಕಾಯಿಲೆಗೆ ಔಷಧವಿಲ್ಲವೆಂದು ಯಾರೂ ನರಳಬೇಕಾಗಿಲ್ಲ. ಜನ ನರಳುವುದು ಹೆಚ್ಚಾಗಿ ಅದರ ಒಡಹುಟ್ಟಿದ ಕಾಯಿಲೆಯ ನಿಯಮಗಳನ್ನು ಇದಕ್ಕೂ ಹಚ್ಚುವುದರಿಂದ.

ಮೊದಲ ಎಡವಟ್ಟು ರಕ್ತಪರೀಕ್ಷೆಯ ಚೀಟಿಯಲ್ಲೇ ಆಗುತ್ತದೆ. ಟಿಎಸ್‌ಎಚ್ ತೀರಾ ಕಡಿಮೆ ಎಂದು ಬಂದದ್ದನ್ನು ಕಂಡು ಮನೆಯವರು ‘ಥೈರಾಯ್ಡ್ ಕಡಿಮೆಯಿದೆ’ ಎಂದುಕೊಳ್ಳುತ್ತಾರೆ. ನಿಜದಲ್ಲಿ ಟಿಎಸ್‌ಎಚ್ ಹುಟ್ಟುವುದು ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಲ್ಲಿ. ಥೈರಾಯ್ಡಿಗೆ ದುಡಿ ಎಂದು ಹೇಳುವುದು ಅದರ ಕೆಲಸ. ರಕ್ತದಲ್ಲಿ ಟಿ3, ಟಿ4 ಹಾರ್ಮೋನುಗಳು ಹೆಚ್ಚಾದಾಗ ಪಿಟ್ಯುಟರಿ ಬಾಯಿ ಮುಚ್ಚಿಕೊಳ್ಳುತ್ತದೆ. ಹಾಗಾಗಿ ಟಿಎಸ್‌ಎಚ್ ಇಳಿದಿದ್ದರೆ ಬಹುತೇಕ ಗ್ರಂಥಿ ಅತಿಯಾಗಿದೆ ಎಂದೇ ತಿಳಿಯಬೇಕು. ಮೈಯಲ್ಲಿ ಕಾಣುವ ಗುರುತುಗಳೂ ಹೀಗೆಯೇ ಬೇರೆ ಲೆಕ್ಕಕ್ಕೆ ಹೋಗಿಬಿಡುತ್ತವೆ. ಚೆನ್ನಾಗಿ ಉಂಡರೂ ತೂಕ ಇಳಿದರೆ ಸಕ್ಕರೆ ಕಾಯಿಲೆಯೋ ಕ್ಷಯವೋ ಎಂಬ ಗುಮಾನಿ. ಕೈ ನಡುಗಿದರೆ ಕುಡಿತದ ಶಂಕೆ. ಐವತ್ತರ ಆಸುಪಾಸಿನ ಹೆಂಗಸಿಗೆ ಬೆವರು, ನಿದ್ದೆಗೇಡು, ಸಿಡುಕು ಬಂದರೆ ಮುಟ್ಟು ನಿಲ್ಲುವ ವಯಸ್ಸಿನ ಮೇಲೆ ಹೊರೆ. ಮಡಿಕೇರಿಯ ಮಳೆಗಾಲದ ಚಳಿಯಲ್ಲಿ ಎಲ್ಲರೂ ಕಂಬಳಿ ಹೊದ್ದಿರುವಾಗ ಒಬ್ಬರು ಮಾತ್ರ ಸೆಕೆಯೆಂದು ಕಿಟಕಿ ತೆರೆಯುತ್ತಿದ್ದರೆ, ಎದೆ ಸುಮ್ಮನೆ ಕುಳಿತಾಗಲೂ ಡವಗುಟ್ಟುತ್ತಿದ್ದರೆ, ಮೊದಲು ಒಂದು ರಕ್ತಪರೀಕ್ಷೆ ಆಗಬೇಕು. ವಯಸ್ಸಾದವರಲ್ಲಿ ನಡುಕವೂ ಚಡಪಡಿಕೆಯೂ ಇರದೆ, ಬರೀ ಸೊರಗುವಿಕೆ ಮತ್ತು ತಾಳ ತಪ್ಪಿದ ನಾಡಿಯಾಗಿ ಕಾಯಿಲೆ ಕಾಣಿಸುವುದುಂಟು. ಆ ತಾಳ ತಪ್ಪಿದ ಹೃದಯದಲ್ಲಿ ರಕ್ತ ಹೆಪ್ಪುಗಟ್ಟಿ ಲಕ್ವ ಹೊಡೆಯಬಹುದು. ಮೂಳೆಯೂ ಒಳಗಿಂದೊಳಗೇ ಸವೆಯುತ್ತದೆ. ತಡಮಾಡಿ ನೋಡೋಣ ಎನ್ನುವ ಕಾಯಿಲೆ ಇದಲ್ಲ.

ಅತಿಯಾಗಿದೆ ಎಂದು ತಿಳಿದರೆ ಸಾಲದು, ಏಕೆ ಅತಿಯಾಯಿತು ಎಂದೂ ತಿಳಿಯಬೇಕು. ಏಕೆಂದರೆ ಕಾರಣ ಬದಲಾದಂತೆ ಚಿಕಿತ್ಸೆಯೂ ಬದಲಾಗುತ್ತದೆ. ಯೌವನದಲ್ಲಿ, ನಡುವಯಸ್ಸಿನಲ್ಲಿ, ಅದರಲ್ಲೂ ಹೆಂಗಸರಲ್ಲಿ ಹೆಚ್ಚಾಗಿ ಕಾಣುವುದು ಗ್ರೇವ್ಸ್ ಕಾಯಿಲೆ. 1835ರಲ್ಲಿ ಡಬ್ಲಿನ್ನಿನ ವೈದ್ಯ ರಾಬರ್ಟ್ ಗ್ರೇವ್ಸ್, 1840ರಲ್ಲಿ ಜರ್ಮನಿಯ ಕಾರ್ಲ್ ಫಾನ್ ಬಾಸೆಡೋ ಇದನ್ನು ಬೇರೆ ಬೇರೆಯಾಗಿ ವರ್ಣಿಸಿದರು. ಇದರಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಒಂದು ಪ್ರತಿಕಾಯವನ್ನು ತಯಾರಿಸಿ ಗ್ರಂಥಿಯನ್ನು ಎಡೆಬಿಡದೆ ದುಡಿಸುತ್ತದೆ. ಕೆಲವರಿಗೆ ಕಣ್ಣುಗುಡ್ಡೆ ಮುಂದಕ್ಕೆ ಚಾಚಿಕೊಳ್ಳುತ್ತದೆ. ಎರಡನೆಯದು, ಹಳೆಯ ಗಳಗಂಡದ ಗಂಟುಗಳು ಯಾರ ಮಾತಿಗೂ ಕಾಯದೆ ತಾವಾಗಿ ಹಾರ್ಮೋನು ಸುರಿಸುವುದು. ಇದು ಹಿರಿಯರ ಕಾಯಿಲೆ, ಅಯೋಡಿನ್ ಕೊರತೆಯಿದ್ದ ಗುಡ್ಡಗಾಡಿನ ಕಾಯಿಲೆ. ಗ್ರೇವ್ಸ್ ಕಾಯಿಲೆ ಮಾತ್ರೆಯಿಂದ ಅಡಗಿ ಮತ್ತೆ ಬಾರದೆಯೂ ಇರಬಹುದು, ಗಂಟುಗಳು ಮಾತ್ರೆ ಬಿಟ್ಟ ಕೂಡಲೆ ಮತ್ತೆ ಶುರುವಿಟ್ಟುಕೊಳ್ಳುತ್ತವೆ. ಮೂರನೆಯದು ಗ್ರಂಥಿಯ ಉರಿಯೂತ. ಹೆರಿಗೆಯ ನಂತರದ ತಿಂಗಳುಗಳಲ್ಲೋ ವೈರಸ್ ಜ್ವರದ ಬೆನ್ನಿಗೋ ಗ್ರಂಥಿ ಊದಿ, ಕೂಡಿಟ್ಟ ಹಾರ್ಮೋನು ಸೋರುತ್ತದೆ. ಇದು ಕೆಲವು ವಾರಗಳಲ್ಲಿ ತಾನಾಗಿ ತಗ್ಗುತ್ತದೆ. ಹಾರ್ಮೋನು ತಯಾರಿಕೆಯನ್ನು ತಡೆಯುವ ಮಾತ್ರೆ ಇಲ್ಲಿ ದಂಡ. ಇನ್ನು ಮಂದ ಥೈರಾಯ್ಡಿಗೆ ಕೊಟ್ಟ ಥೈರಾಕ್ಸಿನ್ನೇ ಪ್ರಮಾಣ ಮೀರಿ ಅತಿಯಾಗುವುದೂ ಉಂಟು. ವರ್ಷಗಟ್ಟಲೆ ಪರೀಕ್ಷೆಯಿಲ್ಲದೆ ಅದೇ ಮಾತ್ರೆ ನುಂಗುವವರು ಇದನ್ನು ನೆನಪಿಡಬೇಕು.

ಇಲ್ಲೊಂದು ಆಕ್ಷೇಪ ಏಳುತ್ತದೆ. ಹಳೆಯ ಗಂಟುಗಳಿಗೆ ಅಯೋಡಿನ್ ಸಿಕ್ಕಿದಾಗ ಅವು ಕೆರಳುತ್ತವೆ ಎಂದಾದರೆ ಸರ್ಕಾರ ತಿನ್ನಿಸಿದ ಉಪ್ಪೇ ಅಪರಾಧಿಯಲ್ಲವೆ? ಪ್ರಶ್ನೆ ಹುರುಳಿಲ್ಲದ್ದೇನೂ ಅಲ್ಲ. ಆಸ್ಟ್ರೇಲಿಯಾದ ಟಾಸ್ಮೇನಿಯಾ ದ್ವೀಪದಲ್ಲಿ 1966ರಲ್ಲಿ ಬ್ರೆಡ್ಡಿಗೆ ಅಯೋಡಿನ್ ಸೇರಿಸತೊಡಗಿದಾಗ ಹಿರಿಯರಲ್ಲಿ ಅತಿ ಥೈರಾಯ್ಡ್ ಎದ್ದುಕಾಣುವಂತೆ ಹೆಚ್ಚಿತು. ಆದರೆ ಆ ಏರಿಕೆ ಕೆಲವು ವರ್ಷಗಳಲ್ಲಿ ಇಳಿಯಿತು. ಡೆನ್ಮಾರ್ಕಿನಲ್ಲೂ ಉಪ್ಪಿಗೆ ಅಯೋಡಿನ್ ಬಂದ ಮೇಲೆ ಮೊದಲು ಪ್ರಕರಣಗಳು ಏರಿ, ಆಮೇಲೆ ಹಿಂದಿಗಿಂತಲೂ ಕೆಳಗಿಳಿದವು. ಅಯೋಡಿನ್ ಸಾಕಷ್ಟು ಸಿಗುವ ಊರಿನಲ್ಲಿ ಬೆಳೆದ ಮಕ್ಕಳಿಗೆ ಅಂಥ ಗಂಟುಗಳೇ ವಿರಳ. ಇನ್ನೊಂದು ತಟ್ಟೆಯಲ್ಲಿ ಏನಿದೆಯೆಂದೂ ನೋಡಬೇಕು. 1956ರಲ್ಲಿ ಹಿಮಾಲಯದ ಕಾಂಗ್ರಾ ಕಣಿವೆಯಲ್ಲಿ ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು ಆರಂಭಿಸಿದ ಪ್ರಯೋಗದಲ್ಲಿ, ಅಯೋಡಿನ್ ಉಪ್ಪು ತಿಂದ ವಲಯಗಳಲ್ಲಿ ಗಳಗಂಡ ಕೆಲವೇ ವರ್ಷಗಳಲ್ಲಿ ಗಣನೀಯವಾಗಿ ಇಳಿಯಿತು. ಬಸುರಿಗೆ ಅಯೋಡಿನ್ ತೀರಾ ಕಡಿಮೆಯಾದರೆ ಹುಟ್ಟುವ ಮಗುವಿನ ಮಿದುಳೇ ಕುಗ್ಗಬಹುದು. ವಯಸ್ಕರಿಗೆ ದಿನಕ್ಕೆ ಬೇಕಾದದ್ದು 150 ಮೈಕ್ರೋಗ್ರಾಂ, ಬಸುರಿಗೆ 250. ಇಷ್ಟು ಸಣ್ಣ ಪ್ರಮಾಣ ಒದಗಿಸುವ ಉಪ್ಪನ್ನು ಒಬ್ಬರ ಅತಿ ಥೈರಾಯ್ಡಿನ ನೆಪದಲ್ಲಿ ಇಡೀ ಮನೆಯ ಅಡುಗೆಯಿಂದ ಓಡಿಸುವುದು ಜಾಣತನವಲ್ಲ. ಕಾಯಿಲೆಯವರು ದೂರವಿಡಬೇಕಾದದ್ದು ಬೇರೆ: ಕಡಲಕಳೆಯ ಗುಳಿಗೆ, ‘ಥೈರಾಯ್ಡಿಗೆ ಒಳ್ಳೆಯದು’ ಎಂದು ಮಾರುವ ಅಯೋಡಿನ್ ಪೂರಕಗಳು. ಸಿಟಿ ಸ್ಕ್ಯಾನಿಗೋ ಆಂಜಿಯೋಗ್ರಾಮಿಗೋ ಚುಚ್ಚುವ ಬಣ್ಣದ್ರವದಲ್ಲೂ, ಹೃದಯದ ತಾಳ ಸರಿಪಡಿಸುವ ಅಮಿಯೋಡರೋನ್ ಮಾತ್ರೆಯಲ್ಲೂ ಅಯೋಡಿನ್ ಧಾರಾಳ. ಅವನ್ನು ಕೊಡುವ ವೈದ್ಯರಿಗೆ ತಮ್ಮ ಕಾಯಿಲೆಯನ್ನು ಮೊದಲೇ ಹೇಳಬೇಕು.

ಚಿಕಿತ್ಸೆಯ ವಿಷಯಕ್ಕೆ ಬಂದರೆ, ಕೊರತೆಯ ಕಾಯಿಲೆಯ ‘ಒಂದೇ ಮಾತ್ರೆ, ಒಂದೇ ಪ್ರಮಾಣ, ಬದುಕಿರುವವರೆಗೆ’ ಎಂಬ ನಿಯಮ ಇಲ್ಲಿ ನಡೆಯದು. ಪ್ರೊಪ್ರನೊಲಾಲ್‌ನಂಥ ಮಾತ್ರೆ ಎದೆಬಡಿತವನ್ನೂ ನಡುಕವನ್ನೂ ಬೇಗ ತಗ್ಗಿಸುತ್ತದೆ, ಆದರೆ ಅದು ಗ್ರಂಥಿಯನ್ನು ಮುಟ್ಟುವುದಿಲ್ಲ. ಗ್ರಂಥಿಯನ್ನು ತಡೆಯುವುದು ಕಾರ್ಬಿಮಝೋಲ್. ಕೂಡಿಟ್ಟ ಹಾರ್ಮೋನು ಖರ್ಚಾಗಬೇಕಾದ್ದರಿಂದ ಅದರ ಗುಣ ಕಾಣಲು ವಾರಗಳೇ ಬೇಕು. ಟಿ4 ಹದಕ್ಕೆ ಬಂದ ಮೇಲೂ ಟಿಎಸ್‌ಎಚ್ ತಿಂಗಳುಗಟ್ಟಲೆ ಕೆಳಗೇ ಇರಬಹುದು. ಅದೊಂದನ್ನೇ ನೋಡಿ ಮಾತ್ರೆ ಏರಿಸಿದರೆ ರೋಗಿ ಮಂದದ ಕಡೆಗೆ ಜಾರುತ್ತಾರೆ. ಅದಕ್ಕೇ ಆರಂಭದಲ್ಲಿ ನಾಲ್ಕರಿಂದ ಆರು ವಾರಕ್ಕೊಮ್ಮೆ ರಕ್ತ ನೋಡಿ ಪ್ರಮಾಣ ಬದಲಿಸುವುದು. ಗ್ರೇವ್ಸ್ ಕಾಯಿಲೆಯಲ್ಲಿ ಸಾಮಾನ್ಯವಾಗಿ 12ರಿಂದ 18 ತಿಂಗಳು ಮಾತ್ರೆ ನಡೆಸಿ, ಪ್ರತಿಕಾಯ ಇಳಿದಿದೆಯೇ ಎಂದು ಪರೀಕ್ಷಿಸಿ ನಿಲ್ಲಿಸುತ್ತಾರೆ. ಹಾಗೆ ನಿಲ್ಲಿಸಿದವರಲ್ಲೂ ಸುಮಾರು ಅರ್ಧದಷ್ಟು ಮಂದಿಗೆ ಕಾಯಿಲೆ ಮರುಕಳಿಸುತ್ತದೆ. ಆದರೆ ಬಹಳ ಜನ ಮಾತ್ರೆ ಬಿಡುವುದು ಎದೆ ತಣ್ಣಗಾದ ಎರಡನೇ ಮೂರನೇ ತಿಂಗಳಲ್ಲೇ. ಕರಗಿದ್ದ ತೂಕ ಮರಳಿ ಬಂದಾಗ ಅದನ್ನು ಮಾತ್ರೆಯ ದೋಷವೆಂದು ಬಗೆದು ಬಿಡುವವರೂ ಇದ್ದಾರೆ. ಅದು ಮೈ ಸುಧಾರಿಸುತ್ತಿರುವುದರ ಗುರುತು. ಇನ್ನೊಂದು ಎಚ್ಚರ ಕೊಡಗಿನವರಿಗೆ ವಿಶೇಷವಾಗಿ ಬೇಕು. ಕಾರ್ಬಿಮಝೋಲ್ ತೆಗೆದುಕೊಳ್ಳುವ ಇನ್ನೂರರಿಂದ ಐನೂರು ಮಂದಿಯಲ್ಲಿ ಒಬ್ಬರಿಗೆ, ಹೆಚ್ಚಾಗಿ ಮೊದಲ ಮೂರು ತಿಂಗಳಲ್ಲಿ, ಬಿಳಿ ರಕ್ತಕಣಗಳು ಹಠಾತ್ತನೆ ಕುಸಿಯುತ್ತವೆ. ಗುರುತು ಜ್ವರ ಮತ್ತು ಗಂಟಲುನೋವು. ಜುಲೈ ತಿಂಗಳಲ್ಲಿ ಮನೆಮನೆಯಲ್ಲೂ ಜ್ವರ, ಗಂಟಲುನೋವು ಇರುವ ನಾಡಿನಲ್ಲಿ ಇದನ್ನು ಮಳೆಯ ಜ್ವರವೆಂದು ಕಷಾಯ ಕುಡಿದು ಮಲಗುವುದು ಸುಲಭ. ಈ ಮಾತ್ರೆ ನುಂಗುವವರು ಹಾಗೆ ಮಾಡಬಾರದು. ಮಾತ್ರೆ ನಿಲ್ಲಿಸಿ ಅಂದೇ ರಕ್ತಕಣಗಳ ಎಣಿಕೆ ಮಾಡಿಸಬೇಕು.

ಮಾತ್ರೆಗೆ ಬಗ್ಗದ ಕಾಯಿಲೆಗೆ, ಗಂಟುಗಳಿಗೆ, ಎರಡು ದಾರಿಗಳಿವೆ: ವಿಕಿರಣ ಅಯೋಡಿನ್ ಮತ್ತು ಶಸ್ತ್ರಚಿಕಿತ್ಸೆ. ಇವೆರಡರ ಮೇಲಿನ ದೂರು ಒಂದೇ: ‘ಒಂದು ಕಾಯಿಲೆ ಹೋಗಿ ಇನ್ನೊಂದು ಬಂತು, ಈಗ ಜೀವನಪೂರ್ತಿ ಥೈರಾಕ್ಸಿನ್.’ ಹೌದು, ಅನೇಕರಿಗೆ ಹಾಗೆಯೇ ಆಗುತ್ತದೆ. ಗ್ರೇವ್ಸ್ ಕಾಯಿಲೆಯಲ್ಲಿ ವೈದ್ಯರು ಬಯಸುವುದೂ ಬಹುಮಟ್ಟಿಗೆ ಅದನ್ನೇ. ಗಳಗಂಡದ ಇನ್ನೊಂದು ಬೆಟ್ಟದ ನಾಡಾದ ಸ್ವಿಟ್ಜರ್ಲೆಂಡಿನಲ್ಲಿ ಥಿಯೋಡೋರ್ ಕೋಕರ್ ಸಾವಿರಾರು ಗ್ರಂಥಿಗಳಿಗೆ ಕತ್ತರಿ ಹಾಕಿ 1909ರಲ್ಲಿ ನೊಬೆಲ್ ಪಡೆದರು. ಗ್ರಂಥಿಯನ್ನು ಪೂರ್ತಿ ತೆಗೆದರೆ ರೋಗಿ ಮಂಕಾಗಿ ಊದಿಕೊಳ್ಳುವುದನ್ನು 1883ರಲ್ಲೇ ವರದಿ ಮಾಡಿದವರೂ ಅವರೇ. ಆಗ ಅದಕ್ಕೆ ಮದ್ದಿರಲಿಲ್ಲ. ಇಂದು ಅಗ್ಗದ ಒಂದು ಮಾತ್ರೆ ಆ ಕೊರತೆಯನ್ನು ತುಂಬುತ್ತದೆ. ವಿಕಿರಣ ಅಯೋಡಿನ್ನನ್ನು 1941ರಲ್ಲಿ ಬಾಸ್ಟನ್ನಿನಲ್ಲಿ ಸಾಲ್ ಹರ್ಟ್ಸ್ ಮೊದಲು ರೋಗಿಗೆ ಕೊಟ್ಟರು. ಇಂದು ಬಳಸುವ ಅಯೋಡಿನ್-131 ಎಂಟು ದಿನಗಳಿಗೊಮ್ಮೆ ಅರ್ಧವಾಗುತ್ತ ಹೋಗುತ್ತದೆ, ಗ್ರಂಥಿಯಲ್ಲೇ ಸೇರಿಕೊಂಡು ಅದನ್ನು ತಿಂಗಳುಗಳಲ್ಲಿ ಕುಗ್ಗಿಸುತ್ತದೆ. ಬಸುರಿಗೂ ಹಾಲೂಡಿಸುವ ತಾಯಿಗೂ ಇದು ಸಲ್ಲದು. ಕಣ್ಣಿನ ತೊಂದರೆಯಿರುವವರಲ್ಲಿ, ಅದರಲ್ಲೂ ಬೀಡಿ ಸಿಗರೇಟು ಸೇದುವವರಲ್ಲಿ, ಕಣ್ಣು ಇನ್ನಷ್ಟು ಕೆಡಬಹುದು. ಇಂಥ ಮಿತಿಗಳನ್ನು ಬಿಟ್ಟರೆ, ಕಡಿವಾಣಕ್ಕೆ ಸಿಗದ ಹೃದಯವನ್ನು ಹೊತ್ತು ತಿರುಗುವುದಕ್ಕಿಂತ ಅಳೆದು ಕೊಡಬಹುದಾದ ಮಾತ್ರೆಯೊಂದರ ಮೇಲೆ ಬದುಕುವುದು ಬಹಳ ವಾಸಿ.

ನಾಟಿಮದ್ದಿನ ಮಾತನ್ನೂ ತಳ್ಳಿಹಾಕಿ ಮುಂದೆ ಹೋಗುವಂತಿಲ್ಲ. ಕೊಡವರ ಕಕ್ಕಡ ತಿಂಗಳ ಹದಿನೆಂಟರಂದು ಮದ್ದುಸೊಪ್ಪಿನ ಪಾಯಸ ಉಣ್ಣುವ ನಾಡಿದು; ಅದರಲ್ಲಿ ಹದಿನೆಂಟು ಬಗೆಯ ಮದ್ದು ಸೇರಿದೆಯೆಂಬ ನಂಬಿಕೆ ಗಟ್ಟಿ. ಹಬ್ಬದ ಊಟವಾಗಿ ಅದನ್ನು ಉಣ್ಣಲು ಅಡ್ಡಿಯಿಲ್ಲ, ಕಾರ್ಬಿಮಝೋಲಿನ ಬದಲಿಗೆ ಉಣ್ಣುವಂತಿಲ್ಲ. ಮಳೆಗಾಲದ ಕಣಿಲೆಯ, ಅಂದರೆ ಎಳೆ ಬಿದಿರಿನ ಮೊಳಕೆಯ, ವಿಷಯದಲ್ಲಿ ಇನ್ನೂ ಜಾಣ ವಾದವೊಂದಿದೆ. ಕಣಿಲೆಯಲ್ಲಿರುವ ಸಯನೈಡ್ ಸಂಬಂಧಿ ಅಂಶ ದೇಹದಲ್ಲಿ ಥಯೋಸಯನೇಟ್ ಆಗಿ ಗ್ರಂಥಿಗೆ ಅಯೋಡಿನ್ ಹೋಗದಂತೆ ತಡೆಯುವುದು ನಿಜ. ಹಾಗಾದರೆ ಅತಿ ಥೈರಾಯ್ಡಿಗೆ ಕಣಿಲೆಯೇ ಮದ್ದಾಗಬಾರದೇಕೆ? ನೀರು ಬದಲಿಸುತ್ತ ನೆನೆಸಿ ಬೇಯಿಸಿದ ಕಣಿಲೆಯಲ್ಲಿ ಆ ಅಂಶ ಎಷ್ಟು ಉಳಿದಿದೆಯೆಂದು ಅಡುಗೆಮನೆಯಲ್ಲಿ ಅಳೆಯಲಾಗದು, ನೆನೆಸದೆ ತಿಂದರೆ ಅದು ವಿಷ. ಪ್ರಮಾಣ ಗೊತ್ತಿಲ್ಲದ್ದನ್ನು ಔಷಧವಾಗಿ ನೆಚ್ಚಲಾಗದು. ಕಾಫಿಯ ನಾಡಿನವರಿಗೆ ಕಹಿಯಾದ ಇನ್ನೊಂದು ಮಾತು: ಹಾರ್ಮೋನು ಹದಕ್ಕೆ ಬರುವವರೆಗೆ ಕಾಫಿ ಕಡಿಮೆ ಮಾಡಿದರೆ ಎದೆಬಡಿತ, ನಡುಕ ಅಷ್ಟರಮಟ್ಟಿಗೆ ಕಡಿಮೆ. ಕೂದಲು ಉದುರುತ್ತದೆಂದು ಬಯೋಟಿನ್ ಗುಳಿಗೆ ನುಂಗುವವರು ರಕ್ತ ಕೊಡುವ ಎರಡು ದಿನ ಮೊದಲಾದರೂ ಅದನ್ನು ನಿಲ್ಲಿಸಬೇಕು. ಅದು ಪ್ರಯೋಗಾಲಯದ ಯಂತ್ರವನ್ನು ದಾರಿತಪ್ಪಿಸಿ ಇಲ್ಲದ ಅತಿ ಥೈರಾಯ್ಡನ್ನು ಇದೆಯೆಂದು ತೋರಿಸಬಲ್ಲದು.

ಕೊನೆಯ ಆಕ್ಷೇಪ ಎಲ್ಲಕ್ಕಿಂತ ಗಟ್ಟಿಯಾದದ್ದು: ಇಷ್ಟು ಸಲ ಪರೀಕ್ಷೆ, ಇಷ್ಟು ಸಲ ತಜ್ಞರ ಭೇಟಿ ಕೊಡಗಿನಲ್ಲಿ ಎಲ್ಲಿ ಸಾಧ್ಯ? ಸುಸಜ್ಜಿತ ಆಸ್ಪತ್ರೆ ಬೇಕೆಂದು 2019ರಲ್ಲಿ ಜಾಲತಾಣಗಳಲ್ಲಿ ದನಿಯೆತ್ತಿದ ಜಿಲ್ಲೆಯಿದು. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ದಾರಿಗಳೇ ಮುಚ್ಚಿಹೋದದ್ದನ್ನು ಯಾರೂ ಮರೆತಿಲ್ಲ. ಡಿಸೆಂಬರಿನಿಂದ ಕಾಫಿ ಕೊಯ್ಲು ಶುರುವಾದರೆ ಕೂಲಿಯವರಿಗೂ ಬೆಳೆಗಾರರಿಗೂ ಪುರುಸೊತ್ತಿಲ್ಲ. ಆದರೆ ಈ ಕಾಯಿಲೆಯ ಆರೈಕೆಯನ್ನು ಬಿಡಿಸಿ ನೋಡಿದರೆ ಘಟ್ಟವಿಳಿದು ಮೈಸೂರಿಗೋ ಮಂಗಳೂರಿಗೋ ಹೋಗಲೇಬೇಕಾದ ಭಾಗ ಚಿಕ್ಕದು: ಕಾರಣ ಪತ್ತೆಮಾಡುವ ಸ್ಕ್ಯಾನ್, ವಿಕಿರಣ ಅಯೋಡಿನ್, ಕಣ್ಣಿನ ತಜ್ಞರ ಸಲಹೆ. ನಾಡಿ, ತೂಕ, ರಕ್ತದ ಮಾದರಿ, ಮಾತ್ರೆಯ ಬದಲಾವಣೆ ಇವೆಲ್ಲ ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆಯ ಮಟ್ಟದಲ್ಲೇ ಆಗುವಂಥವು. ತಜ್ಞರು ಮುಂದಿನ ಆರು ತಿಂಗಳ ಯೋಜನೆಯನ್ನು ಚೀಟಿಯಲ್ಲಿ ಬರೆದುಕೊಟ್ಟರೆ ಊರಿನ ವೈದ್ಯರು ಅದನ್ನು ನಡೆಸಬಲ್ಲರು. ಜೂನ್ ಹಿಡಿಯುವ ಮೊದಲೇ ಮಳೆಗಾಲಕ್ಕಾಗುವಷ್ಟು ಮಾತ್ರೆ ಕೂಡಿಟ್ಟುಕೊಂಡರೆ ದಾರಿ ಮುಚ್ಚಿದರೂ ಚಿಕಿತ್ಸೆ ನಿಲ್ಲದು. ಮಗು ಬೇಕೆನ್ನುವ ಹೆಂಗಸು ಬಸುರಾಗುವ ಮೊದಲೇ ವೈದ್ಯರಿಗೆ ತಿಳಿಸಬೇಕು. ಕಾರ್ಬಿಮಝೋಲ್ ಮೊದಲ ತಿಂಗಳುಗಳಲ್ಲಿ ಭ್ರೂಣಕ್ಕೆ ಕೇಡು ಮಾಡಬಹುದಾದ್ದರಿಂದ ಆಗ ಬೇರೆ ಮಾತ್ರೆಗೆ ಬದಲಾಯಿಸಬೇಕಾಗುತ್ತದೆ, ವಿಕಿರಣ ಅಯೋಡಿನ್ ಪಡೆದಿದ್ದರೆ ಕನಿಷ್ಠ ಆರು ತಿಂಗಳು ಕಾಯಬೇಕು.

ಹಾಗಾದರೆ ಗುಣವಾಯಿತು ಎನ್ನುವುದು ಯಾವಾಗ? ನಡುಕ ನಿಂತಾಗ ಅಲ್ಲ, ಒಂದು ಚೀಟಿಯಲ್ಲಿ ಅಂಕಿ ಸರಿಬಂದಾಗಲೂ ಅಲ್ಲ. ಮಾತ್ರೆ ನಿಂತ ಮೇಲೆ ಹಾರ್ಮೋನು ವರ್ಷವಿಡೀ ಹದವಾಗಿದ್ದರೆ, ಅಥವಾ ಗ್ರಂಥಿ ಕಳೆದುಕೊಂಡವರಲ್ಲಿ ಥೈರಾಕ್ಸಿನ್ನಿನ ಪ್ರಮಾಣ ನೆಲೆನಿಂತಿದ್ದರೆ, ಆಗ ಗುಣವಾಯಿತು ಎನ್ನಬಹುದು. ಆಮೇಲೂ ವರ್ಷಕ್ಕೊಮ್ಮೆ ರಕ್ತ ನೋಡಿಸುವುದು ತಪ್ಪದು. ಕೊರತೆಯನ್ನು ಗೆಲ್ಲಲು ಕೊಡಗಿಗೆ ಒಂದು ಉಪ್ಪು ಸಾಕಾಯಿತು, ಏಕೆಂದರೆ ಆ ಮದ್ದು ಎಲ್ಲರಿಗೂ ಒಂದೇ ಆಗಿತ್ತು. ಅತಿಯ ಕಾಯಿಲೆಗೆ ಅಂಥ ಒಂದೇ ಮದ್ದಿಲ್ಲ. ಪ್ರತಿ ರೋಗಿಗೂ ಬೇರೆ ಕಾರಣ, ಬೇರೆ ಪ್ರಮಾಣ, ಬೇರೆ ಅವಧಿ. ಆರೋಗ್ಯ ಇಲಾಖೆ ಸಕ್ಕರೆ ಕಾಯಿಲೆಗೂ ರಕ್ತದೊತ್ತಡಕ್ಕೂ ಹೆಸರು ಬರೆದಿಟ್ಟು ತಪ್ಪಿಸಿಕೊಂಡವರನ್ನು ಹುಡುಕುವ ಹಾಗೆ, ಕಾರ್ಬಿಮಝೋಲ್ ನುಂಗುವವರ ಹೆಸರನ್ನೂ ಬರೆದಿಟ್ಟರೆ ಅರ್ಧದಲ್ಲೇ ಮಾತ್ರೆ ಬಿಡುವವರು ಕಡಿಮೆಯಾಗುತ್ತಾರೆ. ಅದಕ್ಕೆ ಬೇಕಾದದ್ದು ಹೊಸ ಕಟ್ಟಡವಲ್ಲ, ಒಂದು ಪಟ್ಟಿ ಮತ್ತು ಅದನ್ನು ತೆರೆದು ನೋಡುವ ಒಬ್ಬರು.