ಖಾಲಿ ಮನೆ ಕಟ್ಟುವವರು

2017ರ ಅಕ್ಟೋಬರಿನಲ್ಲಿ ವಿಶ್ವ ಸುಡೊಕು ಚಾಂಪಿಯನ್‌ಷಿಪ್ ಬೆಂಗಳೂರಿಗೆ ಬಂದಿತ್ತು. ಅದಕ್ಕೂ ಮುನ್ನ, 2008ರಲ್ಲಿ, ಗೋವಾ ಇಂಥದೇ ಕೂಟ ನಡೆಸಿತ್ತು. ಗೆದ್ದವರ ಹೆಸರು ಪತ್ರಿಕೆಗಳಲ್ಲಿ ಬರುತ್ತದೆ, ಸರಿ. ಅವರ ಮುಂದಿಟ್ಟ ಹಾಳೆಯ ಒಗಟನ್ನು ಕಟ್ಟಿದವರು ಯಾರು ಎಂದು ಕೇಳುವವರು ಮಾತ್ರ ಕಡಿಮೆ.

ಅಂಕಿಗಳನ್ನು ಮನೆಗಳಲ್ಲಿ ಕೂರಿಸುವ ಹುಚ್ಚು ನಮ್ಮ ಸೀಮೆಗೆ ಹಳೆಯದು. ಶ್ರೀನಿವಾಸ ರಾಮಾನುಜನ್ ಅವರ ನೋಟ್‌ಬುಕ್ಕಿನ ಮೊದಲ ಅಧ್ಯಾಯವೇ ಮಾಯಾಚೌಕಗಳದ್ದು. ಮಾಯಾಚೌಕದಲ್ಲಿ ಎತ್ತ ಕೂಡಿದರೂ ಒಂದೇ ಮೊತ್ತ ಬರಬೇಕು. ಸುಡೊಕುವಿನಲ್ಲಿ ಕೂಡುವ ಗೊಡವೆಯೇ ಇಲ್ಲ. 1ರಿಂದ 9ರ ಬದಲು ಒಂಬತ್ತು ಅಕ್ಷರ ಬರೆದರೂ ಆಟ ಕೆಡುವುದಿಲ್ಲ. ಲೆಕ್ಕಕ್ಕೆ ಹೆದರುವವರು ಇದನ್ನು ಕಂಡು ದೂರ ಸರಿಯುವುದು ಸುಮ್ಮಸುಮ್ಮನೆ!

1979ರಲ್ಲಿ ಅಮೆರಿಕದ ಡೆಲ್ ಪತ್ರಿಕೆಯಲ್ಲಿ ಮೊದಲು ಅಚ್ಚಾದ ಈ ಆಟವನ್ನು ಕಟ್ಟಿದವರು ಹೋವರ್ಡ್ ಗಾರ್ನ್ಸ್ ಎಂದು ನಂಬಲಾಗಿದೆ. 1984ರಲ್ಲಿ ಜಪಾನಿನ ನಿಕೋಲಿ ಪ್ರಕಾಶನ ಅದನ್ನು ಕೈಗೆತ್ತಿಕೊಂಡು, 1986ರಲ್ಲಿ ಎರಡು ಕಟ್ಟಳೆ ಹಾಕಿತು: ಸುಳಿವಿನ ಅಂಕಿಗಳು 32 ಮೀರಬಾರದು, ಹಾಳೆಯನ್ನು ತಲೆಕೆಳಗು ಮಾಡಿದರೂ ಸುಳಿವಿನ ಮನೆಗಳು ಅದೇ ಜಾಗದಲ್ಲಿರಬೇಕು. ಇದು ಬರೀ ಅಂದಚೆಂದದ ಮಾತು. ಅದನ್ನು ಪಾಲಿಸದಿದ್ದರೂ ಒಗಟು ಒಗಟೇ. ಆದರೆ ಉತ್ತರ ಒಂದೇ ಇರಬೇಕೆಂಬ ನಿಯಮದಲ್ಲಿ ರಿಯಾಯಿತಿ ಇಲ್ಲ.

ಕಟ್ಟುವವರು ಎಡವುವುದು ಅಲ್ಲೇ. ತುಂಬಿದ ಚೌಕವೊಂದನ್ನು ಇಟ್ಟುಕೊಂಡು ಅಂಕಿಗಳನ್ನು ಅಳಿಸುತ್ತಿದ್ದೀರಿ ಎನ್ನಿ. ಮೊದಲ ಅಡ್ಡಸಾಲಿನ ಒಂದನೇ ಮನೆಯಲ್ಲಿ 3, ನಾಲ್ಕನೆಯದರಲ್ಲಿ 7 ಇದೆ. ಎರಡನೇ ಅಡ್ಡಸಾಲಿನ ಅವೇ ಜಾಗಗಳಲ್ಲಿ ಕ್ರಮವಾಗಿ 7 ಮತ್ತು 3. ಈ ನಾಲ್ಕನ್ನೂ ಅಳಿಸಿದಿರೋ, ಕೆಲಸ ಕೆಟ್ಟಿತು. 3 ಇದ್ದಲ್ಲಿ 7, 7 ಇದ್ದಲ್ಲಿ 3 ಬರೆದರೂ ಅಡ್ಡಸಾಲು, ಕಂಬಸಾಲು, ಪುಟ್ಟ ಚೌಕ ಯಾವುದೂ ತಕರಾರು ಮಾಡುವುದಿಲ್ಲ, ಉತ್ತರ ಎರಡಾಗುತ್ತದೆ. ಹಾಗಾಗಿ ನಾಲ್ಕರಲ್ಲಿ ಒಂದನ್ನಾದರೂ ಉಳಿಸಲೇಬೇಕು. ಇದೇ ಕಾರಣಕ್ಕೆ ಸುಳಿವುಗಳಲ್ಲಿ ಕನಿಷ್ಠ ಎಂಟು ಬೇರೆ ಬೇರೆ ಅಂಕಿಗಳೂ ಇರಬೇಕು. ಎರಡು ಅಂಕಿ ಪೂರ್ತಿ ಮಾಯವಾದರೆ ಅವನ್ನು ಅದಲುಬದಲು ಮಾಡಬಹುದಲ್ಲ!

ಹಾಗಾದರೆ ಎಷ್ಟರವರೆಗೆ ಅಳಿಸಬಹುದು? 17 ಸುಳಿವು ಉಳಿಯುವವರೆಗೆ. 16ರಲ್ಲಿ ಒಂದೇ ಉತ್ತರದ ಸುಡೊಕು ಸಾಧ್ಯವಿಲ್ಲವೆಂದು ಡಬ್ಲಿನ್‌ನ ಗ್ಯಾರಿ ಮೆಕ್‌ಗ್ವೈರ್ ತಂಡ 2012ರಲ್ಲಿ ಕಂಪ್ಯೂಟರಿನಿಂದ ಜಾಲಾಡಿ ತೋರಿಸಿತು. ಸುಳಿವು ಕಡಿಮೆಯಾದಷ್ಟೂ ಒಗಟು ಕಷ್ಟ ಎಂಬುದು ಮಾತ್ರ ತಪ್ಪು ತಿಳಿವಳಿಕೆ. 17 ಸುಳಿವಿನ ಎಷ್ಟೋ ಸುಡೊಕುಗಳು ಸಲೀಸಾಗಿ ಬಿಡಿಸಿಕೊಳ್ಳುತ್ತವೆ, 25 ಸುಳಿವಿನದು ಬೆವರಿಳಿಸಬಹುದು. ಬಿಡಿಸುವವರು ಯಾವ ತರ್ಕ ಹಿಡಿದು ಹೋಗಬೇಕಾಗುತ್ತದೆ ಎಂಬುದರ ಮೇಲೆ ಕಷ್ಟ ನಿಂತಿದೆ.

ಕೈಯಲ್ಲಿ ಕಟ್ಟಿದ್ದಕ್ಕೂ ಯಂತ್ರ ಉದುರಿಸಿದ್ದಕ್ಕೂ ವ್ಯತ್ಯಾಸ ಕಾಣುವುದು ಈ ದಾರಿಯಲ್ಲೇ. 2004ರ ನವೆಂಬರಿನಲ್ಲಿ ಲಂಡನ್ನಿನ ‘ದಿ ಟೈಮ್ಸ್’ ಮೂಲಕ ಜಗತ್ತಿಗೆ ಸುಡೊಕು ಜ್ವರ ಹತ್ತಿಸಿದ ವೇಯ್ನ್ ಗೌಲ್ಡ್ ಅವರ ಒಗಟುಗಳು ಕಂಪ್ಯೂಟರಿನವು. ಕೈಕಸುಬಿನವರು ಹೊಸ ನಿಯಮ ಸೇರಿಸಿ ಸುಳಿವನ್ನೇ ಕರಗಿಸುತ್ತಾರೆ. 2020ರಲ್ಲಿ ಮಿಚೆಲ್ ಲೀ ಕಟ್ಟಿದ ಒಂದರಲ್ಲಿ ಇದ್ದದ್ದು ಎರಡೇ ಅಂಕಿ! ಚದುರಂಗದ ರಾಜ ಅಥವಾ ಕುದುರೆಯ ಒಂದು ನಡೆಯಷ್ಟು ದೂರದಲ್ಲಿ ಅದೇ ಅಂಕಿ ಬರಬಾರದು, ಪಕ್ಕಪಕ್ಕದ ಮನೆಗಳಲ್ಲಿ ಒಂದರ ಹಿಂದೊಂದು ಬರುವ ಅಂಕಿಗಳಿರಬಾರದು ಎಂಬ ನಿಯಮಗಳೇ ಉಳಿದ 79 ಮನೆ ತುಂಬಿಸುತ್ತವೆ. ಹೇಳಿದರೆ ನಂಬುವುದು ಕಷ್ಟ, ಬಿಡಿಸಿಯೇ ನೋಡಬೇಕು.

ಹೊಸಬರು 4×4ರಿಂದ ಶುರುಮಾಡುವುದು ಒಳ್ಳೆಯದು. ಅದನ್ನು ತುಂಬಲು ಇರುವುದು 288 ಬಗೆ, ನಾಲ್ಕೇ ಸುಳಿವಿನಲ್ಲಿ ಒಗಟು ಕಟ್ಟಬಹುದು. ಕಟ್ಟಿದ ಮೇಲೆ ಬೇರೊಬ್ಬರ ಕೈಗೆ ಕೊಟ್ಟು ಸುಮ್ಮನೆ ನೋಡಬೇಕು. ಅವರು ಊಹೆಗೆ ಇಳಿದರೆ ಮತ್ತೆ ರಬ್ಬರ್ ಹಿಡಿಯುವುದೇ.